ಆರನೇ ಕ್ಲಾಸಿನ ಸೀಟು

"ಅಲ್ಲೇ, ಅಲ್ಲೇ ನಿಂತ್ಕೊಳ್ಳಮ್ಮ. ಒಳಗ್ ಬರ್ಬೇಡ. ಈಗಷ್ಟೇ ನೆಲ ಒರೆಸಿದಾರೆ."

ಹೆಡ್‌ಮಾಸ್ಟರ್ ಲಕ್ಷ್ಮೀಪತಿ ತಲೆ ಎತ್ತದೆಯೇ ಹೇಳಿದರು. ಅಣ್ಣಮ್ಮ ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಅವಳ ಕಣ್ಣೆದುರೇ ಒಬ್ಬ ಅಪ್ಪ ಬೂಟುಗಾಲಲ್ಲಿ ಒಳಗೆ ಹೋಗಿ, ಕುರ್ಚಿ ಎಳೆದುಕೊಂಡು ಕೂತು, ಮಗನಿಗೆ ಸೀಟು ಮಾಡಿಸಿಕೊಂಡು ಹೋಗಿದ್ದ. ಅವನ ಬೂಟಿನ ಗುರುತು ಇನ್ನೂ ನೆಲದ ಮೇಲೇ ಇತ್ತು.

"ಆರ್ನೇ ಕ್ಲಾಸು ಸಾ, ಇಂಗ್ಲಿಷ್ ಮೀಡಿಯಮ್ಮು. ಮಗೀಗೆ."

"ಸೀಟ್ ಫುಲ್ಲು. ಮನೆ ಎಲ್ಲಿ?"

"ಹೇರೋಹಳ್ಳಿ ಆಚೆ ಸಾ."

"ಅಲ್ಲೇ ಇರುತ್ತಲ್ಲಮ್ಮ ನಿಮ್ಗೆ ಸ್ಕೂಲು. ಅಲ್ಲಿಂದ ಬಸ್ ಹತ್ಕೊಂಡು ಇಲ್ಲಿಗ್ಯಾಕ್ ಬರ್ತೀರ?"

ಯಾಕೆ ಅಂದರೆ ಅಣ್ಣಮ್ಮ ಎಲ್ಲಾ ನೋಡಿಯೇ ಬಂದಿದ್ದಳು. ಮಗಳು ಕವನಾಳ ಐದನೇ ಕ್ಲಾಸು ಮುಗಿಯುತ್ತೆ ಅನ್ನುವಾಗಲೇ, ರಸ್ತೆ ಗುಡಿಸುವ ಜೊತೆಗಾತಿ ಇಂದ್ರಮ್ಮನನ್ನು ಕಟ್ಟಿಕೊಂಡು ಸುತ್ತಮುತ್ತಲ ಸರ್ಕಾರಿ ಶಾಲೆಗಳ ಗೇಟು ಗೇಟು ತಿರುಗಿದ್ದಳು. ಪೊರಕೆ ಹಿಡಿದು ಗೇಟಿನ ಮುಂದೆ ನಿಂತವಳನ್ನು ಯಾರೂ ಯಾಕೆ ಅಂತ ಕೇಳುವುದಿಲ್ಲ, ಅದೊಂದು ಅನುಕೂಲ. ಮನೆ ಹತ್ತಿರದ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಬಿಟ್ಟು ಹೋದಮೇಲೆ ಇನ್ನೊಬ್ಬರು ಬಂದಿರಲೇ ಇಲ್ಲ. ವಿಚಾರಿಸಲು ಹೋದಾಗ ಅಲ್ಲಿನ ಮಿಸ್ಸು ಕೇಳಿದ ಮೊದಲನೇ ಮಾತು "ಯಾವ ಜನ?" ಉತ್ತರ ಬಾಯಿಗೆ ಬರುವ ಮುಂಚೆಯೇ "ಗೊತ್ತಾಯ್ತು ಬಿಡು" ಅಂದಿದ್ದಳು ಬೇರೆ. ಇನ್ನೊಂದು ಶಾಲೆಯಲ್ಲಿ ಪಾಠ ಪರವಾಗಿಲ್ಲ, ಆದರೆ ಕಾಂಪೌಂಡ್ ಬಿದ್ದುಹೋಗಿ ಸಂಜೆಯಾದರೆ ಕುಡುಕರು ಒಳಗೇ ಕೂರುತ್ತಿದ್ದರು. ಈ ಲೇಔಟಿನ ಶಾಲೆಯ ಗೇಟಿನಲ್ಲಿ ಮಾತ್ರ ಒಂದು ಹುಡುಗಿ ಅಂದಿತ್ತು: "ಕಂಪ್ಯೂಟರ್ ನಾವೇ ಆನ್ ಮಾಡ್ತೀವಿ ಆಂಟಿ. ಮಿಸ್ ಬೈಯಲ್ಲ."

ಅವತ್ತೇ ಅಣ್ಣಮ್ಮ ತೀರ್ಮಾನ ಮಾಡಿದ್ದಳು. ಮೇಷ್ಟ್ರು ಎಷ್ಟು ಜನ, ಊಟದಲ್ಲಿ ಮೊಟ್ಟೆ ಕೊಡ್ತಾರಾ, ಹೊಡೀತಾರಾ, ಎಲ್ಲಾ ಕೇಳಿದ್ದಳು. ಕಕ್ಕಸು ಯಾರು ತೊಳೀತಾರೆ ಅಂತ ಮಾತ್ರ ಕೇಳಿರಲಿಲ್ಲ. ಜನ್ಮವೆಲ್ಲಾ ಕಂಡವರ ಗಲೀಜು ಬಳಿದವಳಿಗೆ ಆ ಒಂದು ಮಾತು ಹೊಳೆದೇ ಇರಲಿಲ್ಲ.

ಲಕ್ಷ್ಮೀಪತಿಯವರ ಫೋನು ಬಡಿದುಕೊಂಡಿತು. "ಏನ್ರೀ, ನಾಳೆ ಇನ್‌ಸ್ಪೆಕ್ಷನ್ನು. ಹುಡುಗೀರ್ ಟಾಯ್ಲೆಟ್ ಕಟ್ಕೊಂಡು ವರಾಂಡಕ್ಕೆ ಹರೀತಾ ಇದೆ, ನಿಮ್ ಮನುಷ್ಯ ಪತ್ತೇನೇ ಇಲ್ಲ," ಎಂದು ಯಾರನ್ನೋ ಬೈಯತೊಡಗಿದರು.

ಗುಡಿಸುವ ಕೆಲಸದ ಹಸಿರು ಕೋಟನ್ನು ಇಂದ್ರಮ್ಮನ ಕೈಲಿ ಕೊಟ್ಟು, ಹಬ್ಬದ ಸೀರೆ ಉಟ್ಟು, ಯಾರಾದರೂ ಕೇಳಿದರೆ ಆಫೀಸಲ್ಲಿ ಕೆಲಸ ಅನ್ನಬೇಕು ಅಂತ ಮಗಳಿಗೂ ಹೇಳಿಕೊಟ್ಟು ಬಂದಿದ್ದಳು ಅಣ್ಣಮ್ಮ. ಬಾಯಿ ತಡೀಬೇಕಲ್ಲ.

"ಸಾ, ನಾನ್ ಮಾಡ್ಕೊಡ್ತೀನಿ. ವಸಿ ಹೊತ್ತು ಅಷ್ಟೆ. ಮಗೀಗೊಂದ್ ಸೀಟ್ ಕೊಡಿ ಸಾ."

ಆಗ ಲಕ್ಷ್ಮೀಪತಿ ತಲೆ ಎತ್ತಿದರು. ಮುಖದಲ್ಲಿ ನಗು ಕೂಡ ಬಂತು.

"ಮಗು ಹೆಸರೇನಮ್ಮ?"

ಅಣ್ಣಮ್ಮ ಸೀರೆ ಎತ್ತಿ ಕಟ್ಟಿ, ಬಿದಿರು ದಬ್ಬೆ ಹಾಕಿ, ಕೊನೆಗೆ ಕೈಯನ್ನೇ ಹಾಕಿ ಕಟ್ಟಿಕೊಂಡಿದ್ದನ್ನು ತೆಗೆದಳು. ಹೊಂಗೆಮರದ ಕೆಳಗೆ ನಿಂತಿದ್ದ ಕವನಾ ಅದನ್ನೆಲ್ಲಾ ನೋಡಿದಳು. ಬಸ್ಸಿನಲ್ಲಿ ಅಣ್ಣಮ್ಮನ ಖುಷಿ ಹೇಳತೀರದು. "ಸಿಕ್ತು ಕಣೇ, ಸಿಕ್ತು," ಎಂದು ದಾರಿಯುದ್ದಕ್ಕೂ ಮಗಳ ತೊಡೆ ತಟ್ಟಿದಳು. ಕವನಾ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಮಳೆಗಾಲ ಹಿಡಿದಿತ್ತು. ಒಂದು ಶುಕ್ರವಾರ ಸಂಜೆ ಕವನಾ ತುತ್ತನ್ನು ಬಾಯಿ ಹತ್ತಿರ ತಂದು, ಮೂಸಿ, ತಟ್ಟೆಗೇ ಹಾಕಿದಳು. ಅಣ್ಣಮ್ಮ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳಿನ ಸಂದಿಯಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಆ ಸುಟ್ಟಗಾಯ ಎಂಥದ್ದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಆಸಿಡ್ ಯಾಕೇ ಮುಟ್ದೆ?"

"ಶುಕ್ರವಾರ ಶುಕ್ರವಾರ ಟಾಯ್ಲೆಟ್ ತೊಳೀತೀನಲ್ಲ."

"ಯಾವ್ ಬೋಳಿಮಗ ಹೇಳ್ದ?"

"ಹೆಡ್‌ಮೇಷ್ಟ್ರು. ನಿಮ್ಮಮ್ಮ ಎಷ್ಟ್ ನೀಟಾಗ್ ಮಾಡಿದ್ರು, ನಿಂಗೂ ಬರುತ್ತೆ ಬಿಡು ಅಂದ್ರು. ಬೇರೆ ಯಾರಿಗೂ ಹೇಳಲ್ಲ. ಈಗ ನನ್ ಪಕ್ಕ ಯಾರೂ ಕೂರಲ್ಲ."

"ಬಂದ್ ನಂಗ್ ಹೇಳಕ್ಕಾಗ್ಲಿಲ್ವೇನೇ, ಮುಂಡೇದೆ?"

ಕವನಾ ಅಮ್ಮನನ್ನು ನೋಡಿದಳು. ಸಿಟ್ಟಿಲ್ಲ, ಅಳುವಿಲ್ಲ.

"ನೀನೇ ಒಪ್ಕೊಂಡಿದೀಯ ಅಂದ್ಕೊಂಡೆ. ಸೀಟಿಗೆ."

ಅಣ್ಣಮ್ಮ ಯಾರನ್ನಾದರೂ ಬೈಯಬೇಕೆಂದು ಬಾಯಿ ತೆರೆದರೆ ಬೈಗುಳವೆಲ್ಲಾ ತನ್ನ ಕಡೆಗೇ ತಿರುಗಿತು. ದಬ್ಬೆ ಹಿಡಿದವಳು ತಾನು. ಸೀಟು ಕೇಳಿದವಳು ತಾನು. ಅವತ್ತು ಬಸ್ಸಿನಲ್ಲಿ ತೊಡೆ ತಟ್ಟಿ ನಕ್ಕವಳೂ ತಾನೇ. ಆ ನಗು ನೆನಪಾಗಿ ಮೈಯೆಲ್ಲಾ ಹೇಸಿಗೆ ಎನಿಸಿತು.

"ಥೂ, ನನ್ ಜನ್ಮಕ್ಕಷ್ಟು ಬೆಂಕಿ ಹಾಕ," ಎಂದಳು ಮಾರನೆಯ ಬೆಳಿಗ್ಗೆ, ಹಾಜರಿ ಹಾಕಿ ರಸ್ತೆಗೆ ಇಳಿದ ಮೇಲೆ.

"ಬಿಡ್ಸಿ ಮನೆ ಹತ್ರದ್ದಕ್ಕೇ ಹಾಕು ಅತ್ಲಾಗೆ," ಎಂದಳು ಇಂದ್ರಮ್ಮ.

"ಅಲ್ಲಿ ಮಾತ್ರ ಪೂಜೆ ಮಾಡ್ತಾರಾ ಅಕ್ಕಾ? ಕಂಪ್ಯೂಟರ್ ಇರೋದ್ ಇಲ್ಲಿ. ನಮ್ ಮಗಾನೇ ಯಾಕ್ ಬಿಡ್ಬೇಕು?"

ಮುಂದಿನ ಶುಕ್ರವಾರ ಅಣ್ಣಮ್ಮ ಅರ್ಧ ರಸ್ತೆ ಗುಡಿಸಿ, ಉಳಿದಿದ್ದನ್ನು ಇಂದ್ರಮ್ಮನಿಗೆ ಬಿಟ್ಟು ಶಾಲೆಗೆ ಬಂದಳು. ಹಬ್ಬದ ಸೀರೆ ಇರಲಿಲ್ಲ. ಹಸಿರು ಕೋಟು, ಕೈಯಲ್ಲಿ ಪೊರಕೆ. ಚಿಕ್ಕ ಬಿಡುವಿನ ಬೆಲ್ಲು ಹೊಡೆದು ಮಕ್ಕಳು ವರಾಂಡಕ್ಕೆ ಬಂದಿದ್ದರು. ಕವನಾ ಬಕೆಟ್ಟು ಬ್ರಷ್ಷು ಹಿಡಿದು ಹುಡುಗಿಯರ ಟಾಯ್ಲೆಟ್ ಕಡೆ ಹೋಗುತ್ತಿದ್ದವಳು ಅಮ್ಮನನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಆಫೀಸಲ್ಲಿ ಕೆಲಸ ಮಾಡುವ ಅಮ್ಮ ಹೀಗೆ ಬಂದಿದ್ದನ್ನು ಅವಳ ಕ್ಲಾಸಿಗೆ ಕ್ಲಾಸೇ ನೋಡಿತು.

"ಸಾ, ನನ್ ಮಗಳ್ ಕೈ ನೋಡಿದೀರಾ?"

"ಏನಮ್ಮಾ ಇದು, ಸ್ಕೂಲ್ ಟೈಮಲ್ಲಿ?" ಲಕ್ಷ್ಮೀಪತಿ ಬಾಗಿಲಿಗೇ ಬಂದರು. "ನಾವೇನೂ ಬಲವಂತ ಮಾಡಿಲ್ಲಪ್ಪ. ನೀನೇ ತಾನೆ ಶುರು ಮಾಡ್ಕೊಟ್ಟಿದ್ದು? ಮನೇಲಿ ಅಭ್ಯಾಸ ಇರೋರಿಗೆ ಕಷ್ಟ ಏನಿದೆ ಇದ್ರಲ್ಲಿ?"

ಅಣ್ಣಮ್ಮ ಪೊರಕೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ದಿಟ ಸಾ. ನಾನೇ ಶುರು ಮಾಡಿದ್ದು," ಎಂದಳು. "ಮೇಷ್ಟ್ರುಗೋಳ್ದೂ ಒಂದೈತಲ್ಲ, ಬೀಗ ಹಾಕಿರೋದು. ಕೀ ಕೊಡಿ. ಅದ್ನೂ ನೋಡ್ತೀನಿ."

ಲಕ್ಷ್ಮೀಪತಿಗೆ ಸಮಾಧಾನವಾಯಿತು. ಮೊಳೆಗೆ ನೇತುಹಾಕಿದ್ದ ಕೀ ತೆಗೆದು, ಕೈಗೆ ಕೈ ತಾಕದಂತೆ ಮೇಲಿಂದ ಬಿಟ್ಟರು.

ಬೀಗ ತೆಗೆದರೆ ಒಳಗೆ ಬಿಳೀ ಟೈಲ್ಸು, ಕನ್ನಡಿ, ಸೋಪು, ತಿರುಗಿಸಿದರೆ ನೀರು ಬರುವ ನಲ್ಲಿ, ಚಿಲಕವಿದ್ದ ಬಾಗಿಲು. ಅಣ್ಣಮ್ಮ ಬಾಗಿಲನ್ನು ಹಾರುಹೊಡೆದು, ಪಕ್ಕದ ಮೆಟ್ಟಿಲ ಮೇಲೆ ಪೊರಕೆ ತೊಡೆ ಮೇಲಿಟ್ಟುಕೊಂಡು ಕೂತಳು.

"ಬನ್ರವ್ವ, ಬನ್ನಿ. ಯಾರ್ಯಾರ್ ತಡ್ಕೊಂಡ್ ಕೂತಿದೀರೋ ಎಲ್ಲಾ ಬನ್ನಿ. ಸಾಲಾಗ್ ಬನ್ನಿ."

ಮೊದಲು ಯಾರೂ ಅಲ್ಲಾಡಲಿಲ್ಲ. ಆಮೇಲೆ ಎರಡು ಜಡೆಯ ಒಂದು ಹುಡುಗಿ ಓಡಿ ಬಂತು. ಅದರ ಹಿಂದೆ ಇನ್ನೊಂದು. ನೋಡುತ್ತಿದ್ದಂತೆ ಸಾಲು ಹೊಂಗೆಮರದವರೆಗೂ ಬೆಳೆಯಿತು.

"ಏಯ್, ಏಳೇ ಮೇಲೆ. ಅದು ಸ್ಟಾಫ್‌ದು," ಲಕ್ಷ್ಮೀಪತಿಗೆ ಬಹುವಚನ ಮರೆತು ಬಹಳ ಹೊತ್ತಾಗಿತ್ತು. "ನಿನ್ ಮಗಳಿಗೆ ಟೀಸಿ ಕೊಟ್ಟು ಓಡಿಸ್ತೀನಿ ನೋಡು."

"ಕೊಡಿ ಸಾ. ಯಾತಕ್ ಕೊಟ್ರಿ ಅಂತ ಅದ್ರಾಗೇ ಬರೀರಿ. ಓದ್ಸಿ ಕೇಳುಸ್ತೀನಿ, ಇಡೀ ವಾರ್ಡಿಗೆ."

ಕವನಾ ಇನ್ನೂ ಬಕೆಟ್ಟು ಹಿಡಿದು ನಿಂತೇ ಇದ್ದಳು. "ನೀನೂ ಬಾರವ್ವ," ಎಂದಳು ಅಣ್ಣಮ್ಮ.

ಕವನಾ ಬಂದಳು. ಬಕೆಟ್ಟನ್ನೂ ಬ್ರಷ್ಷನ್ನೂ ಹೆಡ್‌ಮಾಸ್ಟರ ಕಾಲ ಬಳಿ ಇಟ್ಟಳು. ಸಾಲು ತಾನಾಗಿ ಅವಳಿಗೆ ಜಾಗ ಬಿಟ್ಟಿತು. ಅಮ್ಮನ ಪಕ್ಕದಲ್ಲೇ, ಕೋಟು ತಾಗುವಷ್ಟು ಹತ್ತಿರ ಹಾದಳು, ಮುಖ ನೋಡಲಿಲ್ಲ. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನಲ್ಲಿ ತಿರುಗಿಸಿದ ಸದ್ದಾಯಿತು. ಕೈ ತೊಳೆಯುತ್ತಿರಬೇಕು ಎಂದುಕೊಂಡಳು ಅಣ್ಣಮ್ಮ. ಬೆಲ್ಲು ಹೊಡೆಯಿತು. ಮಕ್ಕಳು ಕ್ಲಾಸಿಗೆ ಹೋಗದೆ ನಿಂತಿದ್ದರು. ಲಕ್ಷ್ಮೀಪತಿ ಯಾರಿಗೋ ಫೋನು ಮಾಡುತ್ತಿದ್ದರು. ಬಾಗಿಲು ಬಡಿಯೋಣವೆಂದು ಅಣ್ಣಮ್ಮ ಕೈ ಎತ್ತಿದಳು, ಬಡಿಯಲಿಲ್ಲ. ಒಳಗೆ ನೀರು ಇನ್ನೂ ಸುರಿಯುತ್ತಲೇ ಇತ್ತು.