ಮೂರನೆಯ ಕೋವಿ

"ಅಕ್ಕಾ, ಬೀರು ಕೀಲಿ ಎಲ್ಲೈತೆ?"

ಗಂಡ ಓಂಕಾರೇಶನ ಹಣೆಗೆ ವಿಭೂತಿ ಬಳಿಯುತ್ತಿದ್ದ ಮಲ್ಲಿಕಾಂಬ ಬೆರಳು ತೆಗೆಯದೆಯೇ ತಿರುಗಿ ನೋಡಿದಳು. ತಮ್ಮ ಪ್ರಸನ್ನಕುಮಾರ ಅವಳ ಕಿವಿಯ ಹತ್ತಿರ ಬಗ್ಗಿದ್ದ. ಓಂಕಾರೇಶನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಿನ ಹಾರ, ಗದ್ದಕ್ಕೆ ಕಟ್ಟಿದ ಬಟ್ಟೆ ಬಿಟ್ಟರೆ, ಯಾರಾದರೂ ಕೋವಿ ತೋರಿಸಲು ಬರಬಹುದೆಂದು ಕಾದು ಕೂತವನ ಹಾಗೆಯೇ ಇದ್ದ.

"ಈಗ್ಯಾಕೋ ಕೀಲಿ?"

"ಪೊಲೀಸ್ ಸ್ಟೇಷನ್ನಿಂದ ಅಂಜಿನಪ್ಪ ಬಂದವ್ನೆ. ಲೈಸೆನ್ಸ್ ಇದ್ದೋರು ತೀರ್ಕೊಂಡ್ರೆ ಕೋವಿ ಜಮಾ ಮಾಡ್ಬೇಕಂತೆ. ಅಲ್ಲಿ ಮೂಲೇಲಿ ಬಿದ್ರೆ ತುಕ್ಕು ಹಿಡೀತಾವೆ ಕಣಕ್ಕ. ಒಂದನ್ನ ನನ್ನ ಲೈಸೆನ್ಸಿಗೆ, ಇನ್ನೊಂದನ್ನ ನಮ್ಮನೆಯವಳ ಹೆಸರಿಗೆ ಹಾಕಿಸ್ಕೋತೀವಿ ಅಂತ ಈಗ್ಲೇ ಹೇಳ್ಬಿಡ್ತೀನಿ. ಭಾವನ ಒಂದು ಕೋವಿ ನೋಡ್ಕೊಂತಿಲ್ವಾ? ಇವನ್ನೂ ನೋಡ್ಕೋತೀನಿ."

ಮಲ್ಲಿಕಾಂಬಳ ಕಣ್ಣು ತುಂಬಿ ಬಂತು. ಇಂಥ ಹೊತ್ತಿನಲ್ಲೂ ಭಾವನ ಕೋವಿಗಳ ಚಿಂತೆ ಈ ಹುಡುಗನಿಗೆ ಎಂದುಕೊಂಡಳು. ಕೀಲಿಯಿದ್ದ ಗೊಂಚಲು ಸೊಂಟದಲ್ಲೇ ಇತ್ತು.

*

ಓಂಕಾರೇಶ ಅಜ್ಜಂಪುರದ ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದವನು. ಜೀವಮಾನದಲ್ಲಿ ಒಂದು ಕಾಗೆಯನ್ನೂ ಹೊಡೆಯಲಿಲ್ಲ. ಆದರೆ ಶಿವನಿಯಿಂದ, ಬೀರೂರಿನಿಂದ ಜನ ತಾತನ ಕಾಲದ ಕೋವಿಗಳನ್ನು ಗೋಣಿಯಲ್ಲಿ ಸುತ್ತಿಕೊಂಡು ಅವನ ಬಳಿಗೇ ಬರುತ್ತಿದ್ದರು. ಯಾವ ದೇಶದ್ದು, ಯಾವ ಕಾಲದ್ದು, ತುಕ್ಕು ಬಿಡಿಸುವುದು ಹೇಗೆ, ಎಲ್ಲ ಹೇಳಿ, ಕಾಫಿ ಕೊಟ್ಟು ಕಳಿಸುತ್ತಿದ್ದ.

ಅಪ್ಪನದೊಂದು, ದೊಡ್ಡಪ್ಪನದೊಂದು ಕೋವಿ ಅವನಿಗೆ ಬಂದಿದ್ದವು. ಮೂರನೆಯದನ್ನು ತಾನೇ ಹುಡುಕಿ ತಂದಿದ್ದ. ದೇವನೂರಿನ ಹಳೆಯ ಮನೆಯೊಂದರ ಅಟ್ಟದಲ್ಲಿ ಬಿದ್ದಿದ್ದ ಜೋಡುನಳಿಗೆಯ ಕೋವಿ. ಬೆಲ್ಜಿಯಂದು ಎಂದು ಆ ಮನೆಯವರು ಹೇಳಿದ್ದರು. ಓಂಕಾರೇಶ ನಳಿಗೆಯನ್ನು ಮರದ ಹಿಡಿಯಿಂದ ಬಿಡಿಸಿ, ಎಣ್ಣೆ ಹಚ್ಚಿ ನೆನೆಯಲು ಬಿಟ್ಟು, ಹಳೆಯ ಬನಿಯನ್ ಚೂರಿನಿಂದ ದಿನಗಟ್ಟಲೆ ತಿಕ್ಕಿದ. ಮಲ್ಲಿಕಾಂಬ ಟಾರ್ಚು ಹಿಡಿದಿದ್ದಳು. ನಳಿಗೆಯ ಅಡಿಭಾಗದಲ್ಲಿ ಅಕ್ಕಿಕಾಳಿನಷ್ಟು ಕಿರೀಟದ ಅಚ್ಚು ಕಾಣಿಸಿತು. ಅದರ ಕೆಳಗೊಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಅಂಕಿ.

"ಮಲ್ಲೀ, ಬೆಲ್ಜಿಯಂ ಅಲ್ಲ ಕಣೇ, ಜರ್ಮನಿದು! ಇದು ಅಲ್ಲಿ ಪರೀಕ್ಷೆ ಮಾಡಿ ಹೊಡೆದ ಮುದ್ರೆ. ಈ ಅಂಕಿ ನೋಡು, ತಿಂಗಳು, ವರ್ಷ. ನಮ್ಮಪ್ಪ ಹುಟ್ಟೋಕೂ ಮುಂಚಿಂದು!"

ಮಕ್ಕಳಿಲ್ಲದ ಮನೆಯಲ್ಲಿ ಅಂಥ ಸಂಭ್ರಮ ಅಪರೂಪ. ಅವಳು ಅಂದು ಪಾಯಸ ಮಾಡಿದಳು.

ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಇರಬಾರದೆಂದು ಕಾನೂನು ಬಂದಾಗ ಓಂಕಾರೇಶ ಊಟ ಬಿಟ್ಟ. ಹಿರಿಯರದನ್ನು ಕೊಡುವಂತಿಲ್ಲ, ಇದನ್ನು ಬಿಡಲು ಮನಸ್ಸಿಲ್ಲ. ದಾರಿ ತೋರಿಸಿದವಳು ಮಲ್ಲಿಕಾಂಬಳೇ. "ಪ್ರಸನ್ನ ಏನು ಹೊರಗಿನೋನಾ? ನಮ್ಮನೇಲಿ ಉಂಡು ಓದಿದೋನು. ಬೆಳೆ ಕಾಯೋಕೆ ಅಂತ ಲೈಸೆನ್ಸೂ ಇಟ್ಟವ್ನೆ."

"ಹೆಸರಷ್ಟೇ ನಂದು ಭಾವ, ಕೋವಿ ನಿಮ್ದೇ," ಎಂದಿದ್ದ ಪ್ರಸನ್ನಕುಮಾರ. "ಬೇಕಾದಾಗ ಬನ್ನಿ, ಒರೆಸಿಟ್ಟು ಹೋಗಿ."

ಅಲ್ಲಿಂದ ಪ್ರತಿ ತಿಂಗಳೂ ಎಣ್ಣೆಸೀಸೆ, ಬಟ್ಟೆ, ಸಲಾಕೆ ಚೀಲಕ್ಕೆ ಹಾಕಿಕೊಂಡು ಓಂಕಾರೇಶ ಪ್ರಸನ್ನಕುಮಾರನಿದ್ದ ತರೀಕೆರೆಯ ಬಸ್ಸು ಹತ್ತುತ್ತಿದ್ದ.

*

ಮಲ್ಲಿಕಾಂಬ ಗೊಂಚಲಿನಿಂದ ಕೀಲಿ ಬಿಡಿಸುತ್ತಿದ್ದಾಗ, ಹಾರ ಹಾಕಲು ಬಂದಿದ್ದ ಮುದುಕನೊಬ್ಬ ತಡೆದ. "ಕೊಡ್ಬೇಡಿ ಕಣಮ್ಮ."

"ನೀವ್ಯಾರು?"

"ಹೊನ್ನಯ್ಯ ಅಂತ. ತರೀಕೆರೆ ಬಸ್‌ಸ್ಟ್ಯಾಂಡ್ ಪಕ್ಕ ಟೀ ಅಂಗಡಿ ನಂದು. ಯಜಮಾನ್ರು ತಿಂಗಳಿಗೊಂದು ಸಲ ಬಂದು ನಮ್ಮಲ್ಲೇ ಕೂತ್ಕೊಳ್ಳೋರು."

"ನಿಮ್ಮಲ್ಲಾ? ಅವರು ಹೋಗ್ತಿದ್ದಿದ್ದು ನನ್ನ ತಮ್ಮನ ಮನೆಗಲ್ವಾ?"

"ಮೊದಮೊದಲು ಹೋಗೋರು. ಆಮೇಲೆ ಹೋಗಿ ಮಾಡೋದೇನಿತ್ತಮ್ಮ?" ಹೊನ್ನಯ್ಯ ಪ್ರಸನ್ನಕುಮಾರನತ್ತ ನೋಡಿದ. "ಹೇಳಪ್ಪ. ಆ ಕೋವಿ ಈಗ ಎಲ್ಲೈತೆ ಅಂತ ನಿಮ್ಮಕ್ಕನಿಗೆ ನೀನೇ ಹೇಳು."

ಪ್ರಸನ್ನಕುಮಾರ ನಕ್ಕಂತೆ ಮಾಡಿದ. "ನಮ್ಮ ಹೋಟ್ಲಾಗೈತೆ. ಗೋಡೆಗೆ ಹಾಕಿಸೀನಿ. ಜನ ಫೋಟೋ ತೆಗೆಸ್ಕೋತಾರೆ. ಅದ್ರಾಗೇನು ತಪ್ಪು?"

"ನಳಿಗೆಗೆ ತೂತು ಕೊರೆಸಿ, ಬೆಸುಗೆ ಹಾಕಿಸಿ, ಗುಂಡು ಹಾರದಂಗೆ ಮಾಡಿ, ಮೇಲೆ ಬಂಗಾರದ ಬಣ್ಣ ಹೊಡೆಸವ್ನೆ ಕಣಮ್ಮ," ಎಂದ ಹೊನ್ನಯ್ಯ. "ಅದನ್ನ ನೋಡ್ಕೊಂಡು ಬಂದ ದಿನ ಯಜಮಾನ್ರು ಕೊಟ್ಟ ಟೀನೂ ಕುಡೀದೆ, ಎಣ್ಣೆಸೀಸೆ ಮುಂದಿಟ್ಕೊಂಡು ಬಸ್ಸು ಬರೋವರ್ಗೂ ಕೂತಿದ್ರು."

"ಇಲ್ದಿದ್ರೆ ಲೈಸೆನ್ಸ್ ರಿನೀವಲ್ಲು ಅಂತ ಯಾರಕ್ಕ ಅಲೀತಾರೆ? ಹಳೇ ಕಬ್ಬಿಣ ಅದು," ಎಂದ ಪ್ರಸನ್ನಕುಮಾರ. "ಭಾವನೇ ಕಣ್ಣಾರೆ ನೋಡಿದ್ರು. ಒಂದ್ ಮಾತೂ ಅನ್ಲಿಲ್ಲ."

"ಮತ್ತೆ ಪ್ರತಿ ತಿಂಗಳೂ ಯಾಕೆ ಬರೋರು?" ಮಲ್ಲಿಕಾಂಬ ಹೊನ್ನಯ್ಯನತ್ತ ತಿರುಗಿದಳು.

ಹೊನ್ನಯ್ಯ ತಲೆ ತಗ್ಗಿಸಿದ. "ಬರೋದು ನಿಲ್ಸಿದ್ರೆ ನಿಮಗೆ ಗೊತ್ತಾಗ್ತದೆ ಅಂತ. 'ಅವಳಿಗಿರೋದು ಒಬ್ನೇ ತಮ್ಮ ಕಣೋ ಹೊನ್ನಯ್ಯ' ಅನ್ನೋರು. ಬಸ್ಸು ಬರೋ ಹೊತ್ತಿಗೆ ಸೀಸೆ ತೆಗೆದು, ಎರಡೂ ಕೈಗೆ ಎಣ್ಣೆ ಸವರ್ಕೊಂಡು ಹೊರಡೋರು."

*

ಹೋದ ತಿಂಗಳು ಕೂಡ ಅವಳು ಬೈದಿದ್ದಳು. "ಟವೆಲ್ಲಿಗೆಲ್ಲ ಎಣ್ಣೆ ಮೆತ್ತಿದೀರಲ್ಲ! ಸೋಪು ಹಚ್ಚಿ ತೊಳ್ಕೊಳ್ಳಿ."

ಓಂಕಾರೇಶ ಸೋಪು ಹಚ್ಚಿ ಕೈ ತೊಳೆದಿದ್ದ.

"ಹೆಂಗೈತೆ ನಿಮ್ಮ ಜರ್ಮನಿ?"

"ಚೆನ್ನಾಗೈತೆ ಕಣೇ. ಪ್ರಸನ್ನ ಚೆನ್ನಾಗಿ ನೋಡ್ಕೊಂಡವ್ನೆ."

ಆ ಮಾತು ಕೇಳಿ ಅವಳ ಎದೆ ಉಬ್ಬಿತ್ತು. ತವರಿನ ಹೆಸರು ಉಳಿಸಿದ ತಮ್ಮನಿಗೆ ಮಾರನೆಯ ದಿನವೇ ಕೋಡುಬಳೆ ಕರಿದು ಕಳಿಸಿದ್ದಳು.

*

ಅವಳು ಗಂಡನ ಮುಖ ನೋಡಿದಳು. ತಮ್ಮ ಮೋಸ ಮಾಡಿದ. ಈ ಮನುಷ್ಯ ಅದನ್ನು ಮುಚ್ಚಿಟ್ಟು, ತನ್ನ ಕೈಯಿಂದಲೇ ಆ ಮೋಸಗಾರನಿಗೆ ಉಪಚಾರ ಮಾಡಿಸಿದ. ಜಗಳವಾಡಲು ಈಗ ಒಬ್ಬನೂ ಇಲ್ಲ. ಒಬ್ಬ ಕಣ್ಣು ಮುಚ್ಚಿದ್ದಾನೆ, ಇನ್ನೊಬ್ಬನ ಜೊತೆ ಮಾತು ಬೇಡವಾಗಿದೆ.

ಎದ್ದು ಅಂಗಳಕ್ಕೆ ಬಂದಳು. ಪೇದೆ ಅಂಜಿನಪ್ಪ ಟೋಪಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. "ಅವಸರ ಏನಿಲ್ಲ ಕಣಮ್ಮ. ಕಾರ್ಯ ಮುಗೀಲಿ."

"ಈಗ್ಲೇ ತಗೊಂಡ್ಹೋಗಪ್ಪ," ಎಂದು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. "ಎರಡು ಕೋವೀನೂ ಸ್ಟೇಷನ್ನಲ್ಲೇ ಇರ್ಲಿ. ತುಕ್ಕು ಹಿಡಿದ್ರೂ ಚಿಂತೆ ಇಲ್ಲ."

ಸಂಜೆ ಹೊಲದ ಬದಿಯಲ್ಲಿ ತೋಡಿದ ಗುಂಡಿಗೆ ಓಂಕಾರೇಶನನ್ನು ಇಳಿಸಿ ಕೂರಿಸಿದರು. ಮಠದ ಅಯ್ಯನವರು ಮಂತ್ರ ಹೇಳಿದರು. ಒಬ್ಬೊಬ್ಬರಾಗಿ ಬಂದು ಬಿಲ್ವಪತ್ರೆ, ಹಿಡಿ ಮಣ್ಣು ಹಾಕಿ ಸರಿದರು. ಹೊನ್ನಯ್ಯನೂ ಹಾಕಿದ. ಪ್ರಸನ್ನಕುಮಾರ ಬಗ್ಗಿ ಮಣ್ಣು ತೆಗೆದುಕೊಂಡಾಗ ಮಲ್ಲಿಕಾಂಬ ಅವನೆದುರಿಗೆ ಬಂದು ನಿಂತಳು.

"ಅಕ್ಕಾ, ದಾರಿ ಬಿಡು."

ಅವಳು ಕದಲಲಿಲ್ಲ. ಯಾರೂ ಅವಳನ್ನು ಸರಿಸಲಿಲ್ಲ. ಅವಳ ಬೆನ್ನ ಹಿಂದೆ ಸಲಿಕೆಗಳು ಆಡಿದವು, ಗುಂಡಿ ತುಂಬಿತು. ಜನ ಕೊಳವೆಬಾವಿಯತ್ತ ಕೈಕಾಲು ತೊಳೆಯಲು ಹೋದರು. ಪ್ರಸನ್ನಕುಮಾರ ಮಾತ್ರ ಮುಷ್ಟಿ ಬಿಗಿದು ಅಲ್ಲೇ ನಿಂತಿದ್ದ. ಬೆರಳ ಸಂದಿಯಿಂದ ಕರಿ ಎರೆಮಣ್ಣು ಅವನ ಬಿಳಿ ಪಂಚೆಯ ಮೇಲೆ ಚೂರುಚೂರೇ ಉದುರುತ್ತಿತ್ತು.