ಅವ್ವನ ಕೊರಳಿಗೆ ಜೂಗ್ಸ್

ನಮ್ಮವ್ವ ಗ್ರಿಜೆಲ್ ಗಿಡ್ಡಿ. ಬಾಯಿ ಮಾತ್ರ ನಮ್ಮ ಫೈಫ್ ಸೀಮೆಯ ಕರಾವಳಿಗೆಲ್ಲ ಕೇಳುವಷ್ಟು ದೊಡ್ಡದು. ಮೀನಿನ ಗಾಳಕ್ಕೆ ಎರೆಯಾಗಿ ಚುಚ್ಚಲು ಆರಿಸಿಟ್ಟಿದ್ದ ಪಚ್ಚಿಲೆ ಚಿಪ್ಪು ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಕಡಿಮೆಯಾಗಿತ್ತು. ಅವ್ವ ನೇರ ದೋಣಿಗಳ ಹತ್ತಿರ ಹೋಗಿ, ಪಕ್ಕದ ಮನೆಯ ಎಫಿಯನ್ನು ಎಲ್ಲರೆದುರು ಕಳ್ಳಿ ಎಂದಳು. ಎಫಿ ಅಳುತ್ತ ಚರ್ಚಿನ ಹಿರಿಯರಿಗೆ ದೂರು ಕೊಟ್ಟಳು. ಅವ್ವನ ಮಾತಿಗೆ ಸಾಕ್ಷಿಯಿರಲಿಲ್ಲ. ಭಾನುವಾರ ಚರ್ಚಿನ ಮೊದಲ ಗಂಟೆ ಬಾರಿಸಿದಾಗಿನಿಂದ ಕೊನೆಯ ಗಂಟೆ ಬಾರಿಸುವವರೆಗೆ ಅವ್ವ ಜೂಗ್ಸಿನಲ್ಲಿ ನಿಲ್ಲಬೇಕೆಂದು ತೀರ್ಪಾಯಿತು.

ಜೂಗ್ಸ್ ಅಂದರೆ ಚರ್ಚಿನ ಬಾಗಿಲ ಪಕ್ಕ ಸರಪಳಿಯಲ್ಲಿ ತೂಗುವ ಕಬ್ಬಿಣದ ಕೊರಳಪಟ್ಟಿ. ಅದನ್ನು ಗಂಡಸರ ಕೊರಳಿನ ಎತ್ತರಕ್ಕೆ ಗೋಡೆಗೆ ಹೊಡೆದಿದ್ದರು. ಬೀಗ ಬಿದ್ದಾಗ ಅವ್ವ ತುದಿಗಾಲಲ್ಲಿದ್ದಳು. ಒಳಗೆ ಹೋಗುವವರಲ್ಲಿ ಕೆಲವರು ನಕ್ಕರು. ನಾನು ಅವಳ ಕೈ ಹಿಡಿದು ನಿಂತಿದ್ದೆ.

ಎಫಿ ಬಂದು ನೋಡಿದವಳೇ ವಾಪಸು ಹೋದಳು. ಸ್ವಲ್ಪ ಹೊತ್ತಿಗೆ ಮನೆಯಿಂದ ಸ್ಟೂಲು ಹೊತ್ತು ತಂದು ಅವ್ವನ ಕಾಲಡಿಗೆ ತಳ್ಳಿದಳು.

"ಹತ್ತು."

"ನಿನ್ನ ಸ್ಟೂಲು ನನಗ್ಯಾಕೆ?"

"ಬೇಡಾಂದ್ರೆ ನೇತಾಡು. ಕತ್ತು ಉದ್ದ ಆಗಿ ಕೊಕ್ಕರೆ ಥರ ಕಾಣ್ತೀಯ. ಆಮೇಲೆ ಅದಕ್ಕೂ ನನ್ನ ಜೊತೇನೇ ಜಗಳ ತೆಗೀತೀಯ."

ಅವ್ವ ಹತ್ತಿದಳು. ಎಫಿ ತನ್ನ ಉಣ್ಣೆಯ ಶಾಲನ್ನು ಕಬ್ಬಿಣಕ್ಕೂ ಕೊರಳಿಗೂ ನಡುವೆ ತುರುಕುತ್ತಿದ್ದಾಗ ಚರ್ಚಿನ ಹಿರಿಯರಲ್ಲೊಬ್ಬರಾದ ಕ್ರೈಟನ್ ಹೊರಗೆ ಬಂದರು.

"ಏನಮ್ಮಾ, ಶಿಕ್ಷೆಗೆ ನಿಂತೋಳಿಗೆ ಇಷ್ಟೆಲ್ಲ ಉಪಚಾರಾನಾ?"

"ಕತ್ತು ಜೂಗ್ಸಲ್ಲಿ ಇರ್ಬೇಕು ಅಂದ್ರಿ ಸ್ವಾಮಿ, ಇದೆ. ಕಾಲಿನ ಮಾತು ನೀವು ಎತ್ತಿರ್ಲಿಲ್ಲ."

ಅವರು ಕೆಮ್ಮಿ ಒಳಗೆ ಹೋದರು. ಎಫಿ ಹೋಗಲಿಲ್ಲ. ಸಮುದ್ರದ ಗಾಳಿಗೆ ಮೂವರೂ ನಡುಗುತ್ತಿದ್ದೆವು.

"ಎಫಿ, ನಿಜ ಹೇಳು. ಚಿಪ್ಪು ತಗೊಂಡಿದ್ದು ನೀನೇ ಅಲ್ವಾ?"

ಎಫಿ ನೆಲ ನೋಡಿದಳು. "ನಾಲ್ಕು ಬೊಗಸೆ. ನನ್ ಗಾಳ ಪೂರ್ತಿ ಖಾಲಿ ಇತ್ತು ಕಣೆ. ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿದ್ದೆ. ಬೈದು ಕೊಡ್ತಿದ್ದೆ."

ಎಫಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ತಿರುಗಿದಳು. "ಒಳಗೆ ಹೋಗಿ ಹೇಳಿಬಿಡ್ತೀನಿ."

ಅವ್ವ ಅವಳ ತೋಳು ಗಟ್ಟಿಯಾಗಿ ಹಿಡಿದಳು. "ತೆಪ್ಪಗಿರು. ನಾನೊಬ್ಳು ನಿಂತಿದ್ದು ಸಾಲದಾ? ಮುಂದಿನ ವಾರ ನಿನಗೆ ಸ್ಟೂಲು ಹೊತ್ತು ತರೋಕೆ ನನಗೆ ಪುರುಸೊತ್ತಿಲ್ಲ."

ಕೊನೆಯ ಗಂಟೆಯವರೆಗೂ ಎಫಿ ಅವ್ವನ ಕೈ ಬಿಡಲಿಲ್ಲ. ಮರುದಿನ ಇಬ್ಬರೂ ನಮ್ಮ ಹೊಸಿಲಲ್ಲಿ ಕೂತು ಒಂದೇ ಬುಟ್ಟಿಯಿಂದ ಗಾಳಕ್ಕೆ ಚಿಪ್ಪು ಚುಚ್ಚಿದರು. ಕಳ್ಳಿ ಎಂಬ ಮಾತನ್ನು ಅವ್ವ ಮತ್ತೆ ಆಡಲಿಲ್ಲ. ಉಳಿದ ಬೈಗುಳಕ್ಕೇನೂ ಕೊರತೆಯಿರಲಿಲ್ಲ.