ಮೊಣಕಾಲಿಗೆ ನಿಂತ ಅಬಾಯಾ

ನಾನು ಒಂದು ಅಬಾಯಾ, ಬುರ್ಖಾದಂಥ ನಿಲುವಂಗಿ. ಕಪ್ಪಲ್ಲ, ಪಾಚಿ ಬಣ್ಣದ್ದು. ಹುಬ್ಬಳ್ಳಿಯ ಒಂದು ಬೊಟಿಕ್‌ನ ಹಿಂದಿನ ಕೋಣೆಯಲ್ಲಿ ಹುಟ್ಟಿದೆ. ದರ್ಜಿ ನನ್ನನ್ನು ಪಾದಕ್ಕಿಂತ ಸ್ವಲ್ಪ ಮೇಲೆ ನಿಲ್ಲುವಂತೆ ಹೊಲಿದಿದ್ದ, ಎರಡೂ ಕಡೆ ಜೇಬು ಇಟ್ಟಿದ್ದ. ಬೊಟಿಕ್‌ನ ಒಡತಿ ಶಗುಫ್ತಾ ಮೇಡಮ್ ನನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಮೂಗು ಮುರಿದಳು.

"ಇದೇನ್ರಿ, ನರ್ಸ್ ಕೋಟ್ ಆಗೇತಿ. ಜೇಬು ಮುಚ್ಚಿ ಹೊಲೀರಿ. ಕೆಳಗ ಘೇರು ಹಚ್ಚರಿ, ನೆಲಕ್ಕ ಹರದಾಡಬೇಕು."

ಜೇಬಿನ ಬಾಯಿ ಹೊಲಿದರು. ಅಂಚಿಗೆ ಮೊಳದಗಲದ ನೆರಿಗೆಯ ಘೇರು ಬಂತು, ಅದರ ಮೇಲೆ ಹೊಳೆಯುವ ಕಲ್ಲು. ದುಬೈ ಕಟ್ ಎಂದು ಹೆಸರಿಟ್ಟರು. ದುಬೈಯನ್ನು ಅವಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ನನ್ನನ್ನು ಕೊಂಡವಳು ಆಫ್ರೀನ್. ಮೊಬೈಲಿನ ಮುಂದೆ ನಿಂತು ಮಾತಾಡುವುದೇ ಅವಳ ಉದ್ಯೋಗ. ನನ್ನನ್ನು ತೊಟ್ಟು ಒಂದು ಸಂಜೆಯೆಲ್ಲ ಗರಗರ ತಿರುಗಿದಳು. ಸರಳತೆಯೇ ಹೆಣ್ಣಿಗೆ ಚೆಂದ ಎಂದು ಮೊಬೈಲಿಗೆ ಉಪದೇಶಿಸಿದಳು. ಹೇಳುವಾಗ ಕಲ್ಲಿನ ಮೇಲೆ ಬೆಳಕು ಬೀಳುವಂತೆ ಘೇರನ್ನು ಓರೆಯಾಗಿ ಎತ್ತಿ ಹಿಡಿದಿದ್ದಳು. ಮರುದಿನ ನಾನು ಕಪಾಟಿನ ತಳಕ್ಕೆ ಹೋದೆ. ಜನ ಒಮ್ಮೆ ನೋಡಿದ ಬಟ್ಟೆ ಅವಳ ಪಾಲಿಗೆ ಮುಸುರೆ.

ಕೊನೆಗೆ ಚಿಕ್ಕಮ್ಮನ ಮಗಳು ಫೌಜಿಯಾಳ ಕೈಗೆ ನನ್ನನ್ನು ತುರುಕಿದಳು. "ತಗೋ ಆಪಾ, ನಿನಗ ಛಲೋ ಕಾಣ್ತದ."

ಫೌಜಿಯಾ ಹಳೇ ಹುಬ್ಬಳ್ಳಿಯ ಬಯಲಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ನನ್ನ ಬಣ್ಣ ಅವಳಿಗೆ ನಿಜಕ್ಕೂ ಹಿಡಿಸಿತು. ಅದೇ ಸಂತೋಷದಲ್ಲಿ ತೊಟ್ಟು ಸ್ಕೂಟರ್ ಹತ್ತಿ ರಸ್ತೆಗಿಳಿದಳು. ತಿರುವಿನಲ್ಲಿ ಘೇರು ಹಾರಿ ಹಿಂದಿನ ಗಾಲಿಗೆ ಸಿಕ್ಕಿತು. ಗಾಲಿ ನನ್ನನ್ನು ಸುತ್ತಿಕೊಂಡು ಅವಳನ್ನು ಕೆಳಗೆಳೆಯಿತು. ಅವಳ ಕಾಲಿನ ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

ಜನ ಸೇರಿದರು. ನೀರು ತಂದವರಿಗಿಂತ ಮಾತು ತಂದವರೇ ಹೆಚ್ಚು.

"ಇಂಥಾದ್ದು ಹಾಕ್ಕೊಂಡು ಗಾಡಿ ಯಾಕ ಹೊಡೀಬೇಕು?" ಎಂದ ಹಣೆಗೆ ಕುಂಕುಮ ಹಚ್ಚಿದವನೊಬ್ಬ.

"ಹೆಣ್ಮಕ್ಕಳಿಗೆ ಗಾಡಿ ಯಾಕ ಬೇಕು?" ಎಂದ ತಲೆಗೆ ಟೋಪಿ ಇಟ್ಟವನು.

ಬೇರೆ ದಿನವಾದರೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿಯುವವರಲ್ಲ. ಅಂದು ಒಬ್ಬರಿಗೊಬ್ಬರು ತಲೆಯಾಡಿಸಿದರು.

ಪ್ಲಾಸ್ಟರ್ ಬಿಚ್ಚುವವರೆಗೂ ಫೌಜಿಯಾ ನನ್ನನ್ನು ಮಂಚದ ಎದುರಿನ ಗೋಡೆಗೆ ನೇತುಹಾಕಿ ದಿಟ್ಟಿಸುತ್ತಿದ್ದಳು. ಬಿಚ್ಚಿದ ದಿನ ನೆಲದ ಮೇಲೆ ಹಾಸಿ ಕತ್ತರಿ ಹಿಡಿದಳು. ಘೇರು ಹೋಯಿತು, ಕಲ್ಲು ಹೋಯಿತು. ಕತ್ತರಿ ಅಲ್ಲಿಗೂ ನಿಲ್ಲದೆ ಮೊಣಕಾಲಿನವರೆಗೆ ಬಂತು. ಜೇಬಿನ ಹೊಲಿಗೆ ಬಿಚ್ಚಿದಳು, ತೋಳಿಗೆ ಗುಂಡಿ ಹಚ್ಚಿದಳು, ಒಳಗೆ ಸಡಿಲ ಪ್ಯಾಂಟ್ ತೊಟ್ಟಳು. ಕನ್ನಡಿಯ ಮುಂದೆ ನಿಂತು ತಲೆವಸ್ತ್ರಕ್ಕೆ ಪಿನ್ನು ಚುಚ್ಚುವಾಗ ಅವಳ ಮುಖ ಗೆಲುವಾಗಿತ್ತು.

ಅವಳು ಮತ್ತೆ ಸ್ಕೂಟರ್ ಹತ್ತಿದ ದಿನ ಅಂಗಳದಲ್ಲಿ ಮೈದುನ ಖಲೀಲ್ ಅಡ್ಡ ನಿಂತ. ತಾನು ಬಿಗಿ ಜೀನ್ಸ್ ತೊಟ್ಟು ಪರರ ಬಟ್ಟೆಯ ಉದ್ದ ಅಳೆಯುವ ಮನುಷ್ಯ.

"ಭಾಭಿ, ಉದ್ದ ಕಡಿಮಿ ಆತು."

"ಕಾಲು ಉಳೀತದ, ಖಲೀಲ್."

"ಮಂದಿ ಏನಂದಾರು?"

"ನಾ ಬಿದ್ದಾಗೂ ಅಂದ್ರು. ಎತ್ತಲಿಲ್ಲ. ಸರಿ ಅತ್ತಾಗ."

ಅವನು ಸರಿದ. ಮರ್ಯಾದೆಯಿಂದಲ್ಲ, ಸ್ಕೂಟರ್ ಅವನ ಪಾದದತ್ತಲೇ ಬರುತ್ತಿತ್ತು.

ಕಲಿಯಲು ಬಂದವರು ಮೊದಲು ನನ್ನನ್ನೇ ನೋಡುತ್ತಿದ್ದರು. ಕೆಲವರು ಮನೆಗೆ ಹೋಗಿ ತಮ್ಮ ಅಬಾಯಾಗಳಿಗೂ ಕತ್ತರಿ ಹಾಕಿದರು. ಕೆಲವರು ಉದ್ದವನ್ನೇ ಉಳಿಸಿ ಸೊಂಟಕ್ಕೆ ಎತ್ತಿ ಕಟ್ಟಿಕೊಂಡರು. ಫೌಜಿಯಾ ಯಾರಿಗೂ ಏನೂ ಹೇಳಲಿಲ್ಲ, ಗಾಲಿಗೆ ಸಿಗದಂತೆ ನೋಡಿಕೊಂಡಳು ಅಷ್ಟೇ.

ಈಗ ನನಗೆ ವಯಸ್ಸಾಗಿದೆ. ಬಣ್ಣ ಬೂದಿಯಾಗಿದೆ, ತೋಳು ಜಾಳಾಗಿದೆ. ಬಯಲಿನ ಶೆಡ್ಡಿನ ಮೊಳೆಗೆ ತೂಗಿಕೊಂಡು ಗ್ರೀಸಿನ ವಾಸನೆ ಕುಡಿಯುತ್ತೇನೆ. ಹೆಣ್ಣಿನ ಬಟ್ಟೆ ನೆಟ್ಟಗಿದೆಯೇ ಎಂದು ನೋಡುವವರನ್ನು ಜೀವಮಾನವೆಲ್ಲ ಕಂಡೆ. ಒಬ್ಬರ ಮೇಲೂ ನನಗೆ ಗೌರವ ಹುಟ್ಟಲಿಲ್ಲ.

ಮೊನ್ನೆ ಸೀರೆಯುಟ್ಟ ಹೆಂಗಸೊಬ್ಬಳು ಬಯಲಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡಳು. ಫೌಜಿಯಾ ಓಡಿ ಬಂದು ನನ್ನ ತೋಳನ್ನು ಪರಕ್ಕನೆ ಹರಿದು ಗಾಯಕ್ಕೆ ಬಿಗಿದಳು.

"ಅಯ್ಯ, ಅರಬಿ ಹಾಳಾತಲ್ರಿ ಅಕ್ಕಾರ," ಎಂದಳು ಬಿದ್ದವಳು, ಹರಿದ ಬಟ್ಟೆ ನೋಡಿ.

"ಅರಬಿ ಇರೂದ ಮೈಗಲ್ಲೇನ್ರಿ," ಎಂದಳು ಫೌಜಿಯಾ. "ಏಳ್ರಿ. ಇನ್ನೊಂದ್ ಸುತ್ತು ಹೊಡೀರಿ."

ನನ್ನ ಒಂದು ತೋಳು ಮೊಳೆಯ ಮೇಲೇ ಉಳಿಯಿತು. ಇನ್ನೊಂದು, ಅಪರಿಚಿತ ಹೆಂಗಸಿನ ಮೊಣಕಾಲಿಗೆ ಸುತ್ತಿಕೊಂಡು, ಬಯಲನ್ನು ಸುತ್ತಿ ಬಂತು.